ಶಾಸನದಾಚೆಯ ಆಡಳಿತ

ರಾಜ್ಯವು ಶಾಸನದ ಮೂಲಕ ಆಳುತ್ತದೆ ಎಂಬುದು ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠ. ಶಾಸಕಾಂಗವು ಕಾನೂನು ಮಾಡುತ್ತದೆ, ಕಾರ್ಯಾಂಗವು ನಡೆಸುತ್ತದೆ, ನ್ಯಾಯಾಂಗವು ತೂಗಿ ನೋಡುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಯೂರೋಪಿನ ಒಕ್ಕೂಟವು ವಲಸೆಯ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಓದುತ್ತ ಹೋದಂತೆ, ಈ ಪಾಠಕ್ಕೆ ಇನ್ನೊಂದು ಅಧ್ಯಾಯ ಬೇಕೆಂದು ನನಗೆ ತೋರಿತು.

2015ರಲ್ಲಿ ಯುದ್ಧಕ್ಕೆ ಬೆದರಿ, ಬಡತನಕ್ಕೆ ಬೇಸತ್ತು, 10 ಲಕ್ಷಕ್ಕೂ ಹೆಚ್ಚು ಜನರು ಕಡಲು ದಾಟಿ ಯೂರೋಪನ್ನು ಸೇರಿದರು. ಬಹುಪಾಲು ಜನ ಇಳಿದುದು ಗ್ರೀಸಿನ ದ್ವೀಪಗಳಲ್ಲಿ. ಗ್ರೀಸ್, ಇಟಲಿಗಳ ಹೊರೆಯನ್ನು ಹಂಚಿಕೊಳ್ಳಲೆಂದು ಒಕ್ಕೂಟವು ಆ ಸೆಪ್ಟೆಂಬರಿನಲ್ಲಿ ವಿಧಿವತ್ತಾಗಿ ನಿರ್ಣಯ ಮಾಡಿತು: 1,60,000 ಜನರನ್ನು 2 ವರ್ಷಗಳೊಳಗೆ ಇತರ ರಾಷ್ಟ್ರಗಳು ಕರೆದುಕೊಳ್ಳತಕ್ಕದ್ದು. ಫಲವೇನಾಯಿತು? ಲೆಕ್ಕ 35 ಸಾವಿರವನ್ನೂ ಮುಟ್ಟಲಿಲ್ಲ. ಪೋಲೆಂಡ್, ಹಂಗೆರಿಗಳು ಒಬ್ಬರಿಗೂ ಬಾಗಿಲು ತೆರೆಯಲಿಲ್ಲ. ಅದು ತಪ್ಪೆಂದು ನ್ಯಾಯಾಲಯವು ಹೇಳುವಾಗ 2020 ಬಂದಿತ್ತು. ಯೋಜನೆಯ ಅವಧಿ ಮುಗಿದು ಎರಡೂವರೆ ವರ್ಷವಾಗಿತ್ತು.

ಇನ್ನೊಂದು ಕಡೆ ನೋಡಿ. 2016ರ ಮಾರ್ಚ್ 18ರಂದು ಬ್ರಸೆಲ್ಸ್ ನಗರದಲ್ಲಿ ಒಕ್ಕೂಟದ ರಾಷ್ಟ್ರನಾಯಕರೂ ತುರ್ಕಿಯ ಪ್ರಧಾನಮಂತ್ರಿಗಳೂ ಒಂದು ಮಾತಿಗೆ ಬಂದರು. ದ್ವೀಪಗಳಿಗೆ ಅಕ್ರಮವಾಗಿ ಬಂದವರನ್ನು ತುರ್ಕಿಗೆ ಮರಳಿ ಕಳುಹಿಸುವುದು. ಹಾಗೆ ಮರಳಿದ ಒಬ್ಬೊಬ್ಬ ಸಿರಿಯನ್ನನಿಗೆ ಪ್ರತಿಯಾಗಿ ತುರ್ಕಿಯಲ್ಲಿರುವ ಒಬ್ಬ ಸಿರಿಯನ್ನನನ್ನು ಯೂರೋಪು ಕರೆದುಕೊಳ್ಳುವುದು. ನಿರಾಶ್ರಿತರ ಪೋಷಣೆಗೆ 300 ಕೋಟಿ ಯೂರೋ, ಮುಂದೆ ಮತ್ತೆ 300 ಕೋಟಿ. ಯೂರೋಪಿನ ಸಂಸತ್ತು ಇದಕ್ಕೆ ಮತ ನೀಡಲಿಲ್ಲ. ಇದು ಹೊರಬಿದ್ದುದು ಒಂದು ಪತ್ರಿಕಾ ಹೇಳಿಕೆಯಾಗಿ. ಆದರೂ ಅದು ನಡೆಯಿತು. 2015ರಲ್ಲಿ 8 ಲಕ್ಷಕ್ಕೂ ಮಿಕ್ಕಿ ಜನ ಬಂದಿಳಿದಿದ್ದ ಗ್ರೀಸಿನ ತೀರಕ್ಕೆ 2017ರಲ್ಲಿ ಬಂದವರು ಸುಮಾರು 30 ಸಾವಿರ. ಬಾಲ್ಕನ್ ದಾರಿಯ ಗಡಿಗಳು ಮುಚ್ಚಿದುದೂ ಇದಕ್ಕೆ ಕಾರಣವೆನ್ನಬೇಕು.

ಶಾಸನವಿಲ್ಲದ ಆಡಳಿತವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ನಮ್ಮೂರಿನ ಕೆರೆಯ ನೀರಿನ ಸರದಿ ಯಾವ ಕಾನೂನಿನ ಪುಸ್ತಕದಲ್ಲಿಯೂ ಇಲ್ಲ. ಹಿರಿಯರು ಕುಳಿತು ಮಾಡಿದ ಏರ್ಪಾಡು ಅದು. ಆದರೆ ನೀರುಗಂಟಿ ಪಕ್ಷಪಾತ ಮಾಡಿದರೆ ಮರುದಿನವೇ ಅರಳೀಕಟ್ಟೆಯಲ್ಲಿ ಅವನನ್ನು ಕೇಳುವವರುಂಟು.

ಬ್ರಸೆಲ್ಸಿನ ಮಾತನ್ನು ಕೇಳುವವರಾರು? ಇಬ್ಬರು ಪಾಕಿಸ್ತಾನದವರೂ ಒಬ್ಬ ಆಫ್ಘನ್ನನೂ ಕೇಳಿ ನೋಡಿದರು. ಇದು ಒಕ್ಕೂಟದ ಸಂಸ್ಥೆಗಳ ಕಾರ್ಯವಲ್ಲ, ಆಯಾ ರಾಷ್ಟ್ರಗಳ ನಾಯಕರದು, ಆದುದರಿಂದ ವಿಚಾರಿಸುವ ಅಧಿಕಾರ ತನಗಿಲ್ಲವೆಂದು ಒಕ್ಕೂಟದ ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ಹೇಳಿಬಿಟ್ಟಿತು. ಇತ್ತ ಲೆಸ್‌ಬಾಸ್ ದ್ವೀಪದಲ್ಲಿ, ಸುಮಾರು 3 ಸಾವಿರ ಜನಕ್ಕೆಂದು ಇದ್ದ ಮೊರಿಯಾ ಶಿಬಿರಕ್ಕೆ 2020ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದಾಗ, ಅಲ್ಲಿದ್ದವರು 12 ಸಾವಿರಕ್ಕೂ ಹೆಚ್ಚು.

2024ರಲ್ಲಿ ಒಕ್ಕೂಟವು ವಲಸೆಯ ಬಗ್ಗೆ ಹೊಸ ಶಾಸನಗಳನ್ನು ಅಂಗೀಕರಿಸಿದೆ. ಅವುಗಳ ಪಕ್ಕದಲ್ಲಿ ಮಾತಿನ ಒಪ್ಪಂದಗಳೂ ಇದ್ದೇ ಇರುವುವು. ಮುಂದೆ ನಮ್ಮಲ್ಲಿ ಕೆಲವರಾದರೂ ಅಧಿಕಾರದ ಕುರ್ಚಿಯಲ್ಲಿ ಕೂರುವವರೇ. ಕಾನೂನಿಲ್ಲದೆ ಒಂದು ಕೆಲಸವನ್ನು ನಡೆಸುವ ಸಂದರ್ಭ ಬಂದಾಗ, ನೊಂದವನು ಯಾರ ಬಾಗಿಲನ್ನು ತಟ್ಟಬೇಕೆಂಬುದನ್ನು ಮೊದಲು ಗೊತ್ತುಮಾಡಿ ಆಮೇಲೆ ಕೈಹಾಕುವಂಥವರು ಅವರಾಗಲಿ ಎಂದು ಹಾರೈಸುತ್ತೇನೆ.