ಒಂದು ಕತ್ತು ಸಾಲದ ಆಟ

ಬೀಟಲ್ಸ್ ಹಾಡುಗಳನ್ನು ನಾನು ಕಣ್ಣು ಮುಚ್ಚಿಕೊಂಡು ಕೇಳಿದವಳು. ತೆರೆದರೂ ನೋಡಲು ಏನಿತ್ತು? 1966ರ ಆಗಸ್ಟ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಟಿಕೆಟ್ಟಿನ ಕೊನೆಯ ಕಛೇರಿ ಮುಗಿಸಿದ ಆ ನಾಲ್ವರು ಸ್ಟುಡಿಯೋದ ಬಾಗಿಲು ಹಾಕಿಕೊಂಡರು. ಆಮೇಲಿನ ಎಷ್ಟೋ ಹಾಡುಗಳು ಟೇಪು ಕತ್ತರಿಸಿ, ತಿರುವುಮುರುವು ಮಾಡಿ, ಒಂದರ ಮೇಲೊಂದು ಹೇರಿ ಹುಟ್ಟಿದವು. ವೇದಿಕೆಯ ಹಂಗೇ ಇಲ್ಲದವು. ಇಂಥವಕ್ಕೆ ಜನ ಲಾಗ ಹಾಕುತ್ತಾರೆ ಎಂದು ಮಗಳು ಹೇಳಿದಾಗ ನಕ್ಕುಬಿಟ್ಟೆ. ಲಾಸ್ ವೇಗಸ್‌ಗೆ ಬಂದು ಜೂಜೂ ಆಡುವುದಿಲ್ಲ, ಇದನ್ನಾದರೂ ನೋಡಮ್ಮ ಎಂದು ಎಳೆದೊಯ್ದಳು.

ಆಟದ ಹೆಸರು ‘ಲವ್’. ಆಡಿಸುತ್ತಿದ್ದವರು ಕೆನಡಾದ ಸರ್ಕಸ್ ಕಂಪನಿ ಸರ್ಕ್ ದು ಸೊಲೇ. ಅದರ ಸ್ಥಾಪಕರಲ್ಲೊಬ್ಬ ಗೀ ಲಾಲಿಬರ್ಟೆಗೂ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗೂ ಇದ್ದ ಗೆಳೆತನದಲ್ಲಿ ಮೊಳೆತ ಯೋಚನೆ ಇದು; 2006ರಲ್ಲಿ ಮಿರಾಜ್ ಹೋಟೆಲಿನಲ್ಲಿ ಪರದೆ ಏಳುವ ಹೊತ್ತಿಗೆ ಹ್ಯಾರಿಸನ್ ಇರಲಿಲ್ಲ. ಹಳೆಯ ಟೇಪುಗಳನ್ನು ಬಿಚ್ಚಿ ಹೊಸದಾಗಿ ಹೆಣೆದವರು ಬೀಟಲ್ಸ್‌ರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಮಗ ಜೈಲ್ಸ್.

ದುಂಡನೆಯ ರಂಗಮಂದಿರ, ಸುಮಾರು 2,000 ಆಸನ. ಪ್ರತಿ ಆಸನದ ತಲೆಯಾನಿಕೆಯಲ್ಲೂ ಸ್ಪೀಕರ್. ಶುರುವಿಗೆ ವಾದ್ಯಗಳನ್ನೆಲ್ಲ ಕಳೆದು ಬರಿಯ ಕಂಠಗಳನ್ನಷ್ಟೇ ಬಿಟ್ಟರು. ಹಾಡುವವರ ಉಸಿರು ನನ್ನ ಹೆರಳಿಗೇ ತಾಗಿತೇನೋ ಅನ್ನಿಸಿತು.

ಆಮೇಲೆ ಹಾರಾಟ. ಟ್ರ್ಯಾಂಪೊಲಿನ್ ಮೇಲೆ ಪುಟಿದವರು, ಗಾಲಿ ಕಟ್ಟಿದ ಕಾಲಲ್ಲಿ ಇಳಿಜಾರಿನ ಆ ತುದಿ ಈ ತುದಿ ಜಾರಿದವರು. ಯಕ್ಷಗಾನದಲ್ಲಿ ವೇಷಧಾರಿ ದಿಗಿಣ ಹಾಕುವಾಗ ಚೆಂಡೆಯವನ ಕಣ್ಣು ಅವನ ಕಾಲ ಮೇಲೆಯೇ ಇರುತ್ತದೆ; ದಣಿದರೆ ಭಾಗವತರು ಸಂಭಾಳಿಸುತ್ತಾರೆ. ಇಲ್ಲಿ ಸಂಭಾಳಿಸುವವರು ಯಾರು? ಬೀಟಲ್ಸ್‌ನ ಡ್ರಮ್ ವಾದಕ ರಿಂಗೋ ಪೆಟ್ಟು ಹಾಕಿ ದಶಕಗಳೇ ಕಳೆದಿವೆ. ಆ ಪೆಟ್ಟಿಗೆ ಸರಿಯಾಗಿ ಇವರ ಕಾಲು ನೆಲ ಮುಟ್ಟಬೇಕು. ಮುಟ್ಟುತ್ತಿತ್ತು! ನನಗೆ ಹಾರಾಟಕ್ಕಿಂತ ಈ ಇಳಿಯುವುದೇ ಹೆಚ್ಚು ಹಿಡಿಸಿತು.

ನಡುವೆ ಒಂದು ಬಿಳಿಯ ಬಟ್ಟೆ ಹರಡುತ್ತ ಹರಡುತ್ತ ನಮ್ಮ ತಲೆಗಳ ಮೇಲೆಲ್ಲ ಬಂತು. ಕೆಳಗೆ ತಂಬೂರಿ, ದಿಲ್‌ರುಬಾ, ಹ್ಯಾರಿಸನ್ ದನಿ. ಅದರಡಿಗೆ ಬೇರೊಂದು ಹಾಡಿನಿಂದ ತಂದು ಕೂಡಿಸಿದ ಡ್ರಮ್. ಜೂಜುಕಟ್ಟೆಯ ಊರಲ್ಲಿ ತಂಬೂರಿಯ ಶ್ರುತಿಗೆ ಬೆನ್ನೊರಗಿಸಿ ಕೂತ ಸುಖವನ್ನು ನಾನು ಟಿಕೆಟ್ಟಿನ ದುಡ್ಡಿನಲ್ಲಿ ಲೆಕ್ಕ ಹಾಕಿರಲಿಲ್ಲ.

ನಾನು ಕಾದಿದ್ದದ್ದು ಮಿಸ್ಟರ್ ಕೈಟ್ ಹಾಡಿಗೆ. 1843ರ ಸರ್ಕಸ್ ಪೋಸ್ಟರೊಂದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಜಾನ್ ಲೆನನ್, ಅದರ ಒಕ್ಕಣೆಯನ್ನೇ ಹೆಚ್ಚುಕಡಿಮೆ ಹಾಡಾಗಿಸಿದ. ಜಾತ್ರೆಯ ಗದ್ದಲ ಬೇಕೆಂದು ಮಾರ್ಟಿನ್ ಆರ್ಗನ್ ಟೇಪುಗಳನ್ನು ತುಂಡರಿಸಿ, ಗಾಳಿಗೆ ತೂರಿ, ಬಿದ್ದಂತೆ ಅಂಟಿಸಲು ಹೇಳಿದ್ದರಂತೆ. ಕಾಗದದ ಮೇಲಿನ ಆ ಸರ್ಕಸ್ಸಿಗೆ ಇಷ್ಟು ವರ್ಷದ ಮೇಲೆ ಕೈಕಾಲು ಬಂದಿತ್ತು. ಆದರೆ ದುಂಡು ರಂಗದಲ್ಲಿ ನೋಡಬೇಕಾದದ್ದು ಯಾವಾಗಲೂ ಇನ್ನೊಂದು ಕಡೆಗಿರುತ್ತದೆ. ಹಗ್ಗಕ್ಕೆ ಜೋತವರು ಇಬ್ಬರೇ ಎಂದು ನಾನು, “ಮೂರು ಜನ ಅಮ್ಮಾ, ನೀನು ಕೆಳಗೆ ನೋಡ್ತಿದ್ದೆ” ಎಂದು ಅವಳು. ಊಟ ಮುಗಿದರೂ ಜಗಳ ಮುಗಿಯಲಿಲ್ಲ.

ಇನ್ನೊಮ್ಮೆ ನೋಡಿ ತೀರ್ಮಾನಿಸೋಣವೆಂದರೆ 2024ರ ಜುಲೈನಲ್ಲಿ ಆಟವೂ ನಿಂತಿತು, ಹೋಟೆಲೂ ಮುಚ್ಚಿತು. ಆ ಜಾಗದಲ್ಲಿ ಗಿಟಾರ್ ಆಕಾರದ ಹೋಟೆಲ್ ಏಳುತ್ತದಂತೆ. ಮಗಳು ಈಗಲೂ ಮೂರು ಎನ್ನುತ್ತಾಳೆ.