ದೌಂಡದ ಧೂಳು

ಕೂಲರ್ ಅನ್ನೋ ಹೆಸರೇ ಸ್ವಲ್ಪ ಮೋಸದ್ದು. ದೌಂಡದ ನಮ್ಮ ಮನೆಯಲ್ಲಿ ಎರಡು ಕೂಲರುಗಳಿವೆ. ಒಂದು ಕಿಟಕಿಯಲ್ಲಿ ಕೂತು, ಹುಲ್ಲಿನ ಪದರಿನ ಮೇಲೆ ನೀರು ಸುರಿಸಿಕೊಂಡು ಗುಡುಗುಡು ಅನ್ನುವುದು. ನೀರು ಆರುವಾಗ ಗಾಳಿ ನಿಜವಾಗಿಯೂ ತಂಪಾಗುತ್ತದೆ, ಮಣ್ಣಿನ ಮಡಕೆಯ ಹಾಗೆ. ಇನ್ನೊಂದು ಅಕ್ಕನ ಕಂಪ್ಯೂಟರಿನೊಳಗೆ ಪ್ರೊಸೆಸರಿನ ತಲೆಯ ಮೇಲಿದೆ. ಅದು ತಂಪು ಹುಟ್ಟಿಸುವುದಿಲ್ಲ. ಬಿಸಿ ಹೊತ್ತು ಹೊರಗೆ ಹಾಕುತ್ತದೆ, ಹಮಾಲಿ ಕೆಲಸ. ಕೋಣೆಯ ಗಾಳಿಗಿಂತ ಪ್ರೊಸೆಸರನ್ನು ತಂಪಾಗಿಡುವುದು ಅದರ ಕೈಲಾಗದ ಮಾತು. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಶುರು.

ಅಕ್ಕ ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಆ ದುಡ್ಡಿನಲ್ಲೇ ನನ್ನ ಕಾಲೇಜಿನ ಫೀಸು. ಯಂತ್ರ ಹಳೆಯದು, 2018ರ ಎಎಂಡಿ ರೈಜನ್ 5 2600. ಕಾರ್ಖಾನೆಯವರು ಹೇಳಿದ ವೇಗ 3.4 ಗಿಗಾಹರ್ಟ್ಸ್, ಬಹಳವೆಂದರೆ 3.9. ನಾವು ಆರೂ ಕೋರುಗಳನ್ನು 4.0ರಲ್ಲಿ ಓಡಿಸುತ್ತೇವೆ. ಇದೇ ಓವರ್‌ಕ್ಲಾಕಿಂಗ್. ಪುಕ್ಕಟೆ ಏನಲ್ಲ. ವೇಗಕ್ಕೆ ವೋಲ್ಟೇಜು ಏರಿಸಬೇಕು. ವೋಲ್ಟೇಜು ನೂರಕ್ಕೆ ಹತ್ತು ಏರಿದರೆ, ವೇಗ ಅಷ್ಟೇ ಇದ್ದರೂ, ಬಿಸಿ ನೂರಕ್ಕೆ ಇಪ್ಪತ್ತೊಂದರಷ್ಟು ಏರುತ್ತದೆ.

ಮೇಲಿಂದ ನಮ್ಮೂರ ಧೂಳು! ಪುಣೆ, ಸೊಲ್ಲಾಪುರ, ಮನಮಾಡ, ಬಾರಾಮತಿ ಕಡೆಯ ಗಾಡಿಗಳೆಲ್ಲ ಕೂಡುವ ಜಂಕ್ಷನ್ ಇದು. ಹಳಿಯ ಪಕ್ಕದ ಮನೆಯಲ್ಲಿ ಮುಂಜಾನೆ ಒರೆಸಿದ ಮೇಜಿನ ಮೇಲೆ ಸಂಜೆ ಹೆಸರು ಬರೆಯಬಹುದು. ಕಳೆದ ರಜೆಗೆ ಹೋದಾಗ ಪ್ರೊಸೆಸರ್ 90 ದಾಟುತ್ತಿತ್ತು. 95 ಅದರ ಗಡಿ, ಅಲ್ಲಿ ತಾನಾಗಿ ವೇಗ ಇಳಿಸುತ್ತದೆ. ಆರ್ಡರಿನ ದಿನ ಹತ್ತಿರ ಬಂದಿತ್ತು. ಫ್ಯಾನು ಮಾತ್ರ ಒಂದೇ ಸಮ ಅರಚುತ್ತಿತ್ತು.

ಬಿಚ್ಚಿ ನೋಡಿದರೆ ಅಲ್ಯುಮಿನಿಯಮ್ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿದೆ. ಕೂಲರಿನ ತಾಮ್ರದ ಕೊಳವೆಗಳೊಳಗೆ ಒಂದು ಚೂರು ದ್ರವ ಇರುತ್ತದೆ. ಕೆಳಗೆ ಆವಿಯಾಗಿ, ಮೇಲೆ ರೆಕ್ಕೆಗೆ ಬಿಸಿ ಕೊಟ್ಟು, ಮತ್ತೆ ದ್ರವವಾಗಿ ಇಳಿದು ಬರುತ್ತದೆ. ರೆಕ್ಕೆಯ ದಾರಿಯೇ ಕಟ್ಟಿದರೆ ಅದು ತಾನೇ ಏನು ಮಾಡೀತು? ರೈಲ್ವೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿದ ಅಪ್ಪ ಇಣುಕಿ ನೋಡಿ, "ರೇಡಿಯೇಟರ್ ಕಟ್ಟಿದ್ರ ಡ್ರೈವರ್ ಎಷ್ಟ್ ಶ್ಯಾಣ್ಯಾ ಇದ್ರೇನಪಾ" ಅಂದರು.

ಕೂಲರನ್ನು ಸೀದಾ ಎಳೆಯಬಾರದು, ಗೆಳೆಯರೇ. ಹಳೇ ಪೇಸ್ಟು ಗೋಂದಿನಂತೆ ಗಟ್ಟಿಯಾಗಿರುತ್ತದೆ. ಈ ಜಾತಿಯ ಪ್ರೊಸೆಸರಿಗೆ ಕೆಳಗೆ ಸಣ್ಣ ಸಣ್ಣ ಮುಳ್ಳುಗಳು, ಕೂಲರಿನ ಜೊತೆ ಕಿತ್ತು ಬಂದರೆ ಮುಳ್ಳು ಸೊಟ್ಟಗಾದವು ಅಂತಲೇ ಲೆಕ್ಕ. ಅದಕ್ಕೇ ಅರ್ಧ ಗಂಟೆ ಯಂತ್ರ ಓಡಿಸಿ ಪೇಸ್ಟು ಮೆತ್ತಗೆ ಮಾಡಿ, ಸ್ವಿಚ್ ಆರಿಸಿ, ವೈರು ಕಿತ್ತು, ಕೂಲರನ್ನು ಆಚೆ ಈಚೆ ತಿರುವಿ ತೆಗೆದೆ. ರೆಕ್ಕೆಗಳಿಗೆ ಬ್ಲೋವರು, ಮೂಲೆಗಳಿಗೆ ಪೇಂಟಿನ ಬ್ರಷ್ಷು. ಗಾಳಿ ಊದುವಾಗ ಫ್ಯಾನನ್ನು ಬೆರಳಿಂದ ಹಿಡಿದಿರಬೇಕು, ಇಲ್ಲವಾದರೆ ಹುಚ್ಚಾಪಟ್ಟೆ ತಿರುಗಿ ಬೇರಿಂಗು ಹಾಳು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ಬಟಾಣಿಯಷ್ಟು ಇಟ್ಟೆ. ಎರಡು ಲೋಹಗಳ ನಡುವಿನ ಕಾಣದ ಸಂದುಗಳಲ್ಲಿ ಗಾಳಿ ಉಳಿಯದಿರಲಿ ಅಂತ ಪೇಸ್ಟು. ಬೆಣ್ಣೆ ಮೆತ್ತಿದಂತೆ ಮೆತ್ತಿದರೆ ಪ್ರಯೋಜನವಿಲ್ಲ.

ಅದೇ ವಿಡಿಯೋ, ಅದೇ ವೇಗ: 79 ಡಿಗ್ರಿ.

ಆದರೂ ಕೋಣೆಯ ಬಿಸಿಯನ್ನು ಬ್ರಷ್ಷಿನಿಂದ ಗುಡಿಸಲಾಗುವುದಿಲ್ಲವಲ್ಲ. ಕಿಟಕಿಯ ಕೂಲರನ್ನು ಯಂತ್ರದತ್ತ ತಿರುಗಿಸೋಣವೆಂದರೆ ಹಸಿ ಗಾಳಿಗೆ ಧೂಳು ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಅಕ್ಕನಿಗೆ ಹೇಳಿದೆ. ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. "ಹಂಗಾರ ಬ್ಯಾಸಿಗ್ಯಾಗ ಸ್ಪೀಡ್ ಇಳಸು. ರಾತ್ರಿ ಹಚ್ಚಿ ಮಲಗತೀನಿ, ಮುಂಜಾನೆಗೆ ಮುಗದಿದ್ರ ಸಾಕು." 3.6ಕ್ಕೆ ಇಳಿಸಿದೆ, ವೋಲ್ಟೇಜನ್ನೂ. ಜೂನಿನಲ್ಲಿ ಮಳೆ ಬಿದ್ದ ಮೇಲೆ ಮತ್ತೆ ಏರಿಸುವುದು ಹೇಗೆಂದು ಅವಳೇ ಒಂದು ಚೀಟಿಯಲ್ಲಿ ಬರೆದುಕೊಂಡಳು.