ಎರಡನೆಯ ಕೈ

ಹೊಸ ಸೀರೆ ಉಟ್ಟರೆ ನಮ್ಮ ಕಡೆಯ ಹೆಂಗಸರು ‘ಎಷ್ಟು ಕೊಟ್ರಿ?’ ಎಂದು ಕೇಳುತ್ತಾರೆ. ಹಳೆಯ ಕಾರು ಕೊಂಡರೆ ಗಂಡಸರು ‘ಎಷ್ಟಕ್ಕ ಬಿತ್ತು?’ ಎಂದು ಕೇಳುತ್ತಾರೆ. ಎರಡೂ ಒಂದೇ ಪ್ರಶ್ನೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಸೀರೆಯ ಬೆಲೆ ಕೊಂಡ ದಿನವೇ ಗೊತ್ತಾಗಿ ಮುಗಿಯುತ್ತದೆ. ಹಳೆಯ ಕಾರಿನ ಬೆಲೆ ಮಾತ್ರ ತಿಂಗಳು ತಿಂಗಳಿಗೆ, ಸ್ವಲ್ಪ ಸ್ವಲ್ಪವೇ ತಿಳಿಯುತ್ತ ಹೋಗುತ್ತದೆ.

ನಮ್ಮ ಮನೆಗೆ ಕಾರು ಬಂದದ್ದು 2022ರ ದಸರೆಗೆ. ಕೊಪ್ಪಳದಲ್ಲಿ ಮನೆ, ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಶಾಲೆ, ಅದರಾಚೆಯ ಇನ್ನೊಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ನಮ್ಮ ಅತ್ತೆ. ಬಸ್ಸಿಗಾಗಿ ಕಾದು ಕಾದು ನನ್ನ ಮೊಣಕಾಲು ಸವೆದಿದ್ದವು. ಹುಬ್ಬಳ್ಳಿಯ ಒಬ್ಬ ದಲ್ಲಾಳಿಯ ಮೂಲಕ, ಡಿಕ್ಕಿ ಇರುವ, ಐದು ಜನ ಕೂರುವ ಪೆಟ್ರೋಲ್ ಕಾರು ಬಂತು. ‘ಮೊದಲನೇ ಓನರ್ ಬಹಳ ನಾಜೂಕಿನ ಮನುಷ್ಯಾರಿ, ಬರೇ ಮೂವತ್ತೆಂಟು ಸಾವಿರ ಕಿಲೋಮೀಟರ್ ಓಡೇತಿ’ ಎಂದ ದಲ್ಲಾಳಿ. ಮೀಟರೂ ಅದನ್ನೇ ಹೇಳುತ್ತಿತ್ತು. ಕ್ಲಚ್ಚಿನ ಪೆಡಲಿಗೆ ಹೊದಿಸಿದ್ದ ರಬ್ಬರ್ ಮಾತ್ರ ಸವೆದು ನುಣ್ಣಗಾಗಿತ್ತು. ಪುಸ್ತಕ ಹೊಸದಾಗಿದ್ದು ಚೀಲ ಹರಿದಿದ್ದರೆ ಹುಡುಗ ಓದುವುದಕ್ಕಿಂತ ಅಲೆಯುವುದೇ ಹೆಚ್ಚೆಂದು ನನಗೆ ತಿಳಿಯುತ್ತದೆ. ಅಂಥ ಕಣ್ಣು ಅಂದು ಕೆಲಸ ಮಾಡಲಿಲ್ಲ. ಕಾರಿನ ಬಣ್ಣ ಚೆಂದವಿತ್ತು.

ಮೊದಲ ಬೇಸಿಗೆಗೆ ರೇಡಿಯೇಟರ್ ಕಥೆ ತೆರೆಯಿತು. ಎಂಜಿನ್ ಬಿಸಿಯ ಮುಳ್ಳು ಕುಕನೂರು ಬರುವುದರೊಳಗೆ ಮೇಲೇರುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಕೊಳವೆಗಳಲ್ಲೆಲ್ಲ ಬಿಳಿಯ ಗಾರು ಕಟ್ಟಿದೆ. ಕೂಲೆಂಟ್ ಹಾಕಬೇಕಾದಲ್ಲಿ ಯಾರೋ ವರ್ಷಗಟ್ಟಲೆ ಬೋರಿನ ನೀರು ಸುರಿದಿದ್ದರು. ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆಯ ನೆಲದ ನೀರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಗಡಸುತನ ಪಾತ್ರೆಯ ತಳದಲ್ಲಿ ಸುಣ್ಣವಾಗಿ ಕೂರುತ್ತದೆ, ಅದರ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಯಾಗಿ ಕೂರುತ್ತದೆ. ಹಾಜರಿ ಕೂಗುವಾಗ ನಗುವ ಬಾಯಿಗಳನ್ನು ನೋಡಿಯೇ ಯಾವ ಊರಿನ ಬೋರು ಎಂದು ಹೇಳಬಲ್ಲೆ. ಕಾರೂ ಅದೇ ನೀರು ಕುಡಿದಿತ್ತು. ರೇಡಿಯೇಟರ್, ಥರ್ಮೋಸ್ಟಾಟ್ ಎರಡನ್ನೂ ಬದಲಿಸಿದೆವು. ಆಮೇಲೆ ಮುಂದಿನ ಚಕ್ರಗಳ ಬುಷ್ಷುಗಳು ಹೋದವು. ಅದು ನಮ್ಮ ರಸ್ತೆಗಳ ತಪ್ಪು, ಕಾರಿನದಲ್ಲ. ಒಂದು ಸಲ ಇಲಿ ವೈರು ಕಡಿಯಿತು. ಅದು ನಮ್ಮ ಓಣಿಯ ತಪ್ಪು.

ಇವೆಲ್ಲ ಕಣ್ಣಿಗೆ ಕಾಣುವ ರೋಗಗಳು. ಕಾಣದ ರೋಗವೊಂದು ಒಳಗೆ ಕೂತಿತ್ತು.

2024ರ ಮೇ ತಿಂಗಳು. ಅತ್ತೆಗೆ ಉಸಿರು ಹಿಡಿದಿದೆ ಎಂದು ಸುದ್ದಿ ಬಂತು. ಹೋಗಿ, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವರ ತಲೆಯಿಟ್ಟುಕೊಂಡು ಕೊಪ್ಪಳದ ಆಸ್ಪತ್ರೆಗೆ ಹೊರಟೆವು. ಕುಕನೂರು ದಾಟಿ ಭಾನಾಪುರದ ಕಡೆಗೆ ಬರುವಾಗ, ಸುಡು ಮಧ್ಯಾಹ್ನದಲ್ಲಿ, ಕಾರು ಕೆಮ್ಮದೆ, ಸದ್ದು ಮಾಡದೆ, ತಾನಾಗಿ ನಿಂತಿತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಸುತ್ತಲೂ ಉತ್ತಿಟ್ಟ ಕರಿಯ ಹೊಲ, ನೆರಳಿಗೆ ಒಂದೇ ಒಂದು ಜಾಲಿಗಿಡ. ನಾನು ಸೆರಗಿನಿಂದ ಗಾಳಿ ಹಾಕುತ್ತ ಅತ್ತೆಯ ಎದೆಯನ್ನೇ ನೋಡುತ್ತಿದ್ದೆ. ಅವರು ಕಣ್ಣು ತೆರೆದು, ‘ಎಲ್ಲಿ ಬಂದೆವ್ವಾ?’ ಎಂದರು. ‘ಬಂದ್ವಿ ಅತ್ತಿ, ಇಲ್ಲೇ’ ಎಂದೆ. ಅರ್ಧ ತಾಸಿನ ಮೇಲೆ ಹುಲ್ಲಿನ ಟ್ರ್ಯಾಕ್ಟರಿನ ಹುಡುಗರು ನಿಂತರು. ಅವರು ಯಾರದೋ ಜೀಪು ಕರೆಸಿ ನಮ್ಮನ್ನು ಸಾಗಿಸಿದರು. ಅತ್ತೆ ಉಳಿದರು. ಆ ಅರ್ಧ ತಾಸು ಮಾತ್ರ ನನ್ನೊಳಗೆ ಉಳಿದುಬಿಟ್ಟಿದೆ.

ಸಂಜೆ ಹೋಗಿ ಕೀಲಿ ತಿರುಗಿಸಿದರೆ ಕಾರು ಏನೂ ಆಗದಂತೆ ಶುರುವಾಯಿತು!

ಮುಂದಿನ ಮೂರು ತಿಂಗಳು ವೈದ್ಯರ ಮೇಲೆ ವೈದ್ಯರು. ಒಬ್ಬರು ಬ್ಯಾಟರಿ ಎಂದರು, ಒಬ್ಬರು ಪ್ಲಗ್ ಎಂದರು, ಮತ್ತೊಬ್ಬರು ಪೆಟ್ರೋಲಿನಲ್ಲಿ ಕಸ ಎಂದು ಟ್ಯಾಂಕು ತೊಳೆಸಿದರು. ಹದಿನೇಳು ಸಾವಿರ ರೂಪಾಯಿ ಆಯಿತು. ಬಿಸಿಲು ಏರಿದ ದಿನ ಕಾರು ಮತ್ತೆ ನಿಲ್ಲುತ್ತಿತ್ತು, ತಣ್ಣಗಾದ ಮೇಲೆ ಹೊರಡುತ್ತಿತ್ತು.

ಕಡೆಗೆ ಆಗಸ್ಟಿನಲ್ಲಿ ಯಾರೋ ಗಂಗಾವತಿಯ ಒಬ್ಬ ಹುಡುಗನ ಗ್ಯಾರೇಜು ತೋರಿಸಿದರು. ಅದೇ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಮೂವತ್ತಮೂರು ಗೇಟುಗಳಲ್ಲಿ ಒಂದರ ಕೊಂಡಿ ಕಳಚಿದ್ದಕ್ಕೆ ಗಂಗಾವತಿಯ ಭತ್ತದ ರೈತರಿಗೆಲ್ಲ ನಿದ್ದೆ ಹಾರಿತ್ತು. ಗ್ಯಾರೇಜಿನ ಬೆಂಚಿನ ಮೇಲೆ ಕೂತವರೆಲ್ಲ ಅದೇ ಮಾತಾಡುತ್ತಿದ್ದರು. ಆ ಹುಡುಗ ನಮ್ಮ ಕಾರಿನ ಬಾನೆಟ್ಟನ್ನೇ ಎತ್ತಲಿಲ್ಲ. ಆರ್‌ಸಿ ಕಾರ್ಡು ಕೇಳಿದ. ಚಾಸಿಸ್ ನಂಬರಿನ ಹದಿನೇಳು ಅಕ್ಷರ, ಅಂಕಿಗಳನ್ನು ಮೊಬೈಲಿನಲ್ಲಿ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದ.

‘ನೋಡ್ರಿ ಮೇಡಂ, ನಿಮ್ಮ ಗಾಡಿನ್ನ ಕಂಪನಿಯವರು ಯಾವಾಗೋ ವಾಪಸ್ ಕರೆದಾರ. ಪೆಟ್ರೋಲ್ ಪಂಪು. ಪುಕ್ಕಟೆ ಹಾಕಿ ಕೊಡ್ತಾರ. ನೀವು ಹೋಗೇ ಇಲ್ಲ.’

ಪಂಪು ಇರುವುದು ಟ್ಯಾಂಕಿನೊಳಗೆ, ಹಿಂದಿನ ಸೀಟಿನ ಕೆಳಗೆ. ಅಂದು ಅತ್ತೆ ಮಲಗಿದ್ದರಲ್ಲ, ಸರಿಯಾಗಿ ಅದರ ಮೇಲೆ! ಅದರೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಚಕ್ರವೊಂದು ತಿರುಗುತ್ತದೆ. ನಮ್ಮ ಪಂಪಿನ ಚಕ್ರ ಪೆಟ್ರೋಲನ್ನು ಹೀರಿ ಉಬ್ಬುವಂಥದ್ದು. ಉಬ್ಬಿ ಗೋಡೆಗೆ ತಾಗಿದರೆ ಪಂಪು ಹಿಡಿದುಕೊಳ್ಳುತ್ತದೆ. ಪಂಪನ್ನು ತಣ್ಣಗಿಡುವುದೂ ಟ್ಯಾಂಕಿನಲ್ಲಿರುವ ಪೆಟ್ರೋಲೇ. ನಾವೋ ಸಂಬಳದವರು, ತಿಂಗಳ ಕೊನೆಗೆ ಯಾವಾಗಲೂ ರಿಸರ್ವಿನಲ್ಲೇ ಓಡಿಸುತ್ತಿದ್ದೆವು.

ಹೀಗೆ ಮಾರಿದ ಗಾಡಿಯನ್ನು ತಯಾರಕರೇ ಮರಳಿ ಕರೆಯುವ ಪದ್ಧತಿ ನಮ್ಮ ದೇಶಕ್ಕೆ ತಡವಾಗಿ ಬಂತು. ವಾಹನ ತಯಾರಕರ ಸಂಘ 2012ರಲ್ಲಿ ಸ್ವಯಂಪ್ರೇರಿತವಾಗಿ ಒಂದು ನಿಯಮ ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ತಿದ್ದುಪಡಿಯಾಗಿ, ಏಳು ವರ್ಷ ಮೀರದ ವಾಹನಗಳನ್ನು ಕಡ್ಡಾಯವಾಗಿ ಕರೆಸುವ ಅಧಿಕಾರ 2021ರ ಏಪ್ರಿಲ್‌ನಿಂದ ಸರಕಾರಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರುತಿ ಕಂಪನಿ ಬೇರೊಂದು ಬಿಡಿಭಾಗದ ಪರೀಕ್ಷೆಗೆಂದು 1,81,754 ಗಾಡಿಗಳನ್ನು ತಾನಾಗಿಯೇ ಕರೆಸಿತ್ತು. ಜಪಾನಿನ ತಕಾಟಾ ಎಂಬ ಕಂಪನಿಯ ಏರ್‌ಬ್ಯಾಗುಗಳಂತೂ ಜಗತ್ತಿನ ಕೋಟಿಗಟ್ಟಲೆ ಕಾರುಗಳಲ್ಲಿದ್ದವು. ಸೆಕೆಯ ಸೀಮೆಗಳಲ್ಲಿ ವರ್ಷಗಳು ಕಳೆದಂತೆ ಅವುಗಳ ಒಳಗಿನ ಮದ್ದು ಕೆಟ್ಟು, ಕಾಯಬೇಕಾದ ಚೀಲವೇ ಲೋಹದ ಚೂರು ಸಿಡಿಸಿ ಜೀವ ತೆಗೆದದ್ದುಂಟು. ಆ ಕಂಪನಿ 2017ರಲ್ಲಿ ದಿವಾಳಿಯಾಯಿತು.

ಇದನ್ನೆಲ್ಲ ತಿಳಿದ ಮೇಲೆ ತಯಾರಕರ ಮೇಲೆ ನನಗೆ ಅಷ್ಟು ಸಿಟ್ಟು ಉಳಿಯಲಿಲ್ಲ. ತಪ್ಪು ಮಾಡಿದವರು ತಪ್ಪೊಪ್ಪಿಕೊಂಡು ಕರೆದಿದ್ದಾರಲ್ಲ! ಆ ಕರೆ ನಮಗೆ ಯಾಕೆ ಮುಟ್ಟಲಿಲ್ಲ? ದಲ್ಲಾಳಿಯಿಂದ ನಂಬರು ಪಡೆದು ಮೊದಲನೆಯ ಮಾಲೀಕರಿಗೆ ಫೋನು ಮಾಡಿದೆ. ನಾಜೂಕಿನ ಮನುಷ್ಯರೇ, ಸುಳ್ಳು ಹೇಳಲಿಲ್ಲ.

‘ಹೌದ್ರಿ ಮೇಡಂ, ಮೆಸೇಜ್ ಬಂದಿತ್ತು. ಎರಡು ಸಲ ಬಂದಿತ್ತು. ಆದ್ರ ಆವಾಗ ಗಾಡಿ ಮಾರೂ ಮಾತು ನಡೆದಿತ್ತು. ಕೊಂಡವರು ನೋಡ್ಕೋತಾರ ಬಿಡು ಅಂತ ಸುಮ್ನಾದೆ.’

ಬಯ್ಯಲು ಬಾಯಿ ತೆರೆದವಳು ನಾನು. ಮಾತು ಹೊರಡಲಿಲ್ಲ. ‘ಇರ್ಲಿ ಬಿಡ್ರಿ’ ಎಂದು ಫೋನಿಟ್ಟೆ. ಯಾಕೆಂದರೆ ಅದೇ ಮಾತನ್ನು ನಾನೂ ಒಮ್ಮೆ ನನಗೆ ಹೇಳಿಕೊಂಡಿದ್ದೆ.

2009ರಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಎಡಗಿವಿ ಕೇಳುತ್ತಿರಲಿಲ್ಲ. ಮನೆಯವರಿಗೂ ಅದು ಪೂರ್ತಿ ತಿಳಿದಿರಲಿಲ್ಲ. ನಾನು ಕಂಡುಕೊಂಡಿದ್ದೆ. ಮೊದಲ ಸಾಲಿನ ಎಡತುದಿಯಲ್ಲಿ ಕೂರಿಸಿದರೆ ಬಲಗಿವಿ ನನ್ನ ಕಡೆಗಿರುತ್ತಿತ್ತು. ಅಷ್ಟೇ ಮದ್ದು. ಇತಿಹಾಸದಲ್ಲಿ ಅವನು ಎಲ್ಲರಿಗಿಂತ ಮುಂದೆ. ದೀಪಾವಳಿಯ ಮೇಲೆ ಮಳೆಯಿಲ್ಲದ ಹೊಲ ಬಿಟ್ಟು ಆ ಕುಟುಂಬ ಮಂಗಳೂರಿನ ಕಡೆಗೆ ಗುಳೆ ಹೊರಟಿತು. ಅಪ್ಪ ಟಿ.ಸಿ. ಕೇಳಲು ಬಂದ, ಬಸ್ಸಿನ ಗಡಿಬಿಡಿ ಇತ್ತು. ತರಗತಿ ಶಿಕ್ಷಕಿಯಾಗಿ ನಾನೇ ತುಂಬಿದೆ: ಹೆಸರು, ಜನ್ಮದಿನಾಂಕ, ನಡತೆ ತೃಪ್ತಿಕರ. ಕಿವಿಗೆ ಅದರಲ್ಲಿ ಕಾಲಂ ಇರಲಿಲ್ಲ. ಒಂದು ಚೀಟಿ ಬರೆಯಬೇಕೆಂದುಕೊಂಡೆ. ಅಲ್ಲಿಯ ಶಿಕ್ಷಕರು ನೋಡಿಕೊಳ್ಳುತ್ತಾರೆ ಬಿಡು, ಎಂದು ಸುಮ್ಮನಾದೆ.

ನಾಲ್ಕು ವರ್ಷದ ಮೇಲೆ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಅವನ ತಾಯಿ ಸಿಕ್ಕಳು. ‘ಅಲ್ಲಿ ಹಿಂದಿನ ಬೆಂಚಿನ್ಯಾಗ ಕುಂದ್ರಿಸಿದ್ರಂತ ಅಕ್ಕಾರ. ಕರೆದ್ರ ಓ ಅನ್ನೂದಿಲ್ಲ, ಸೊಕ್ಕು ಬಂದೈತಿ ಅಂತ ಹೊಡೆದ್ರಂತ. ಸಾಲೀನೇ ಬಿಟ್ಟಬಿಟ್ಟ’ ಎಂದಳು. ಬಸ್ಸು ಬಂತು, ಹತ್ತಿದೆ. ಆ ಮಾತನ್ನು ಹನ್ನೊಂದು ವರ್ಷ ಎಲ್ಲಿಯೋ ಮಡಚಿಟ್ಟಿದ್ದೆ.

ಕಂಪನಿಯ ವರ್ಕ್‌ಶಾಪಿನಲ್ಲಿ ಅರ್ಧ ದಿನದಲ್ಲಿ ಹೊಸ ಪಂಪು ಕೂರಿಸಿದರು, ಒಂದು ರೂಪಾಯಿಯನ್ನೂ ಕೇಳಲಿಲ್ಲ. ಮರುವಾರ ಅದೇ ಕಾರಿನಲ್ಲಿ ಆ ಹುಡುಗನ ಊರಿಗೆ ಹೋಗಿ ತಾಯಿಯಿಂದ ಅವನ ನಂಬರು ತಂದೆ. ಈಗ ಅವನಿಗೆ ಇಪ್ಪತ್ತೆಂಟು. ಗೋವಾದಲ್ಲಿ ಕಟ್ಟಡ ಕೆಲಸ. ಫೋನು ಮಾಡಿ ಹೆಸರು ಹೇಳಿದೆ. ‘ಆಂ? ಯಾರ್ರೀ?’ ಮತ್ತೆ ಹೇಳಿದೆ. ಹಿಂದಿನಿಂದ ಯಂತ್ರದ ಸದ್ದು. ‘ತಡೀರಿ, ಈ ಕಿವಿಗೆ ಹಿಡೀತೀನಿ,’ ಎಂದವನು, ಒಂದು ಕ್ಷಣದ ಮೇಲೆ, ‘ಅಯ್ಯ, ಅಕ್ಕಾರಾ! ಆರಾಮ ಅದೀರೇನ್ರೀ?’ ಎಂದ. ಹೇಳಬೇಕೆಂದು ಜೋಡಿಸಿಕೊಂಡದ್ದು ಯಾವುದೂ ನೆನಪಿಗೆ ಬರಲಿಲ್ಲ. ಕಿವಿ ತೋರಿಸಿಕೋ, ಖರ್ಚು ನಾನು ನೋಡುತ್ತೇನೆ ಎಂದೆ. ನಕ್ಕ. ‘ಈಗ ರೂಢಿ ಆಗೇತ್ರಿ’ ಎಂದ. ಪಂಪಿನಂತೆ ಬದಲಿಸಿ ಕೊಡಲು ಅವನ ಹದಿನೈದು ವರ್ಷ ನನ್ನ ಬಳಿ ಎಲ್ಲಿದ್ದವು?

ಆಮೇಲಿಂದ ನಮ್ಮ ಶಾಲೆ ಬಿಡುವ ಪ್ರತಿ ಮಗುವಿನ ಟಿ.ಸಿ.ಗೆ ಒಂದು ಅರ್ಧ ಹಾಳೆ ಪಿನ್ನು ಹಾಕುತ್ತೇನೆ. ‘ಈಕೆಗೆ ಬೋರ್ಡು ದೂರದಿಂದ ಕಾಣದು.’ ‘ಇವನು ಗುಣಾಕಾರದಲ್ಲಿ ಹಿಂದೆ, ಗದರಿದರೆ ಇನ್ನೂ ಹಿಂದೆ.’ ಮುಖ್ಯೋಪಾಧ್ಯಾಯರು ಮೊದಮೊದಲು, ‘ಇದು ದಾಖಲೆ ಅಲ್ರಿ ಮೇಡಂ’ ಎನ್ನುತ್ತಿದ್ದರು. ಈಗ ಅವರೇ ಪಿನ್ನು ತಂದಿಡುತ್ತಾರೆ.

ಕಾರನ್ನೂ ಇಂದಲ್ಲ ನಾಳೆ ಮಾರಬೇಕು. ಅದರ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಬೋರಿನ ನೀರು ಕುಡಿದದ್ದು, ಪಂಪು ಹಾಕಿಸಿದ ತಾರೀಖು, ಮೀಟರಿನ ಮೇಲೆ ನನಗಿರುವ ಸಂಶಯ, ಎಲ್ಲವನ್ನೂ ಬರೆದಿದೆ. ಮೊನ್ನೆ ನೋಡಲು ಬಂದ ದಲ್ಲಾಳಿ ಅದನ್ನು ತಿರುವಿಹಾಕಿ ನಮ್ಮ ಮನೆಯವರಿಗೆ ಮೆಲ್ಲಗೆ ಹೇಳಿದ: ‘ಸರ್, ಈ ಪುಸ್ತಕ ಮೊದಲ ತೆಗೀರಿ. ರೇಟ್ ಬೀಳ್ತೈತಿ.’

ಅವರು ನನ್ನ ಮುಖ ನೋಡಿದರು. ಪುಸ್ತಕ ಅಲ್ಲೇ ಇದೆ.